ಸುಯುಂಚಿನ ಸಾವಿರ

ತುರ್ದುಕಾನ್ ಅಂದರೆ ನಿಂತವಳು, ಉಳಿದವಳು. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಇವಳಾದರೂ ನಿಲ್ಲಲಿ ಎಂದು ಅಜ್ಜಿ ಆ ಹೆಸರಿಟ್ಟಳು. ಮೊಮ್ಮಗಳು ಹೆಸರಿಗೆ ಮೋಸ ಮಾಡಲಿಲ್ಲ, ತೊಕ್ಮೊಕ್ ಪೇಟೆಯ ಮೂಲೆಯ ತಂದೂರಿನ ಮುಂದೆ ಇಪ್ಪತ್ತಾರು ವರ್ಷ ನಿಂತಳು. ಗಂಡ ದುಡಿಯಲು ರಷ್ಯಾಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಸುದ್ದಿ ಬಂದ ದಿನವೂ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಅವತ್ತಿನ ನಾನ್ ರೊಟ್ಟಿ ಸ್ವಲ್ಪ ಗಟ್ಟಿಯಾಗಿತ್ತು ಎಂದು ಹಳೆಯ ಗಿರಾಕಿಗಳು ಈಗಲೂ ಹೇಳುತ್ತಾರೆ. ಇಬ್ಬರು ಹೆಣ್ಣುಮಕ್ಕಳನ್ನು ಆ ತಂದೂರಿನ ಬಿಸಿಯಲ್ಲೇ ಬೆಳೆಸಿ, ಓದಿಸಿ, ಮದುವೆ ಮಾಡಿದಳು.

ಅವಳಿಗೊಂದು ಹುಚ್ಚಿತ್ತು. ಇನ್ನೊಬ್ಬರ ಹಕ್ಕಿನದು ತನ್ನ ಹತ್ತಿರ ಒಂದು ಗಳಿಗೆಯೂ ಇರಬಾರದು. ಯಾರೋ ಗಿರಾಕಿ ಮರೆತುಹೋದ ಕಪ್ಪು ಕೊಡೆಯೊಂದು ತಂದೂರಿನ ಪಕ್ಕದ ಮೊಳೆಗೆ ಮೂರು ಚಳಿಗಾಲದಿಂದ ನೇತಾಡುತ್ತಿತ್ತು. ಹಿಮ ಸುರಿಯುವಾಗಲೂ ಅದನ್ನು ಬಿಚ್ಚಿದವಳಲ್ಲ. ಪಕ್ಕದಲ್ಲಿ ತಣ್ಣನೆಯ ಹುಳಿ ಶಾವಿಗೆ ಮಾರುವ ದುಂಗಾನ್ ಜನಾಂಗದ ಹೆಂಗಸು ಜೂಹ್ರಾಳಿಗೆ ಅದು ದಿನಾ ನಗೆಯ ಸರಕು.

"ಸತ್ತ್ ಮೇಲೂ ನೀನು ಸ್ವರ್ಗದ ಬಾಗ್ಲಲ್ಲಿ ಆ ಕೊಡೆ ಹಿಡ್ಕೊಂಡು ನಿಂತಿರ್ತೀಯ ಕಣೇ, ‘ಯಾರದ್ರಪ್ಪಾ ಇದು, ಯಾರದು’ ಅಂತ. ಒಳಗ್ ಹೋಗೋಕೂ ಪುರ್ಸೊತ್ತಿರಲ್ಲ."

"ಇರ್ಲಿ ಬಿಡು. ನೀನ್ ಒಳಗೆ ಹೋಗಿ ನಂಗೂ ಒಂದ್ ಜಾಗ ಹಿಡ್ದಿರು."

ಇಂಥವಳನ್ನು ಹಾಳುಮಾಡಲು ಆಸೆ ಸಾಲದು, ಪ್ರಾಮಾಣಿಕತೆಯೇ ಬೇಕಿತ್ತು. ಕಳ್ಳರಿಗೆ ಅದು ಗೊತ್ತಿತ್ತು. ಮನುಷ್ಯರ ಒಳ್ಳೆಯತನವನ್ನು ಕಳ್ಳರಷ್ಟು ಚೆನ್ನಾಗಿ ಬಲ್ಲವರು ಇನ್ನು ಯಾರೂ ಇಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಈಗ ಪೇಟೆಯಲ್ಲಿ ಎಲ್ಲರೂ ಫೋನಿನಿಂದಲೇ ದುಡ್ಡು ಕೊಡುವವರು. ಅವಳ ತಂದೂರಿನ ಗೋಡೆಗೂ ಕ್ಯೂಆರ್ ಚೀಟಿ ಅಂಟಿಸಿತ್ತು, ಅದರ ಕೆಳಗೆ ಅವಳ ಫೋನ್ ನಂಬರು. ಮೇ ತಿಂಗಳ ಒಂದು ಬೆಳಗ್ಗೆ ಫೋನ್ ಟಿಣ್ ಎಂದಿತು. ಮೂವತ್ತು ಸೋಮ್ ಬರಬೇಕಾದ ಕಡೆ ನಲವತ್ತು ಸಾವಿರ ಸೋಮ್ ಬಂದು ಕೂತಿತ್ತು. ಅವಳು ಕನ್ನಡಕ ಒರೆಸಿಕೊಂಡು ಮತ್ತೆ ಸೊನ್ನೆಗಳನ್ನು ಎಣಿಸುವಷ್ಟರಲ್ಲಿ ಕರೆ ಬಂತು. ಒಂದು ಹುಡುಗಿ, ಅಕ್ಕಾ ಎನ್ನುವ ಹಾಗೆ ಎಜೆ ಎಜೆ ಎಂದು ಬಿಕ್ಕುತ್ತಿದ್ದಳು.

"ಎಜೆ, ಒಂದಂಕಿ ತಪ್ಪಾಗಿ ನಿಮ್ಗೆ ಬಂದ್ಬಿಡ್ತು. ಅಮ್ಮನ ಆಪರೇಷನ್ ದುಡ್ಡು. ಡಾಕ್ಟ್ರು ಕಾಯ್ತಿದಾರೆ. ನಿಮ್ ಕಾಲಿಗ್ ಬೀಳ್ತೀನಿ."

"ಅಳ್ಬೇಡ ಮಗಳೇ, ಇಲ್ಲೇ ಇದೆ ನಿನ್ ದುಡ್ಡು. ಯಾವ ನಂಬರಿಗ್ ಕಳಿಸ್ಲಿ ಹೇಳು."

ಹುಡುಗಿ ಬೇರೊಂದು ನಂಬರು ಹೇಳಿದಳು, ಆಸ್ಪತ್ರೆಯವರದಂತೆ. ಆಮೇಲೆ, "ಒಂದ್ ಸಾವಿರ ನೀವಿಟ್ಕೊಳ್ಳಿ ಎಜೆ. ಸುಯುಂಚು" ಎಂದಳು.

ಒಳ್ಳೆಯ ಸುದ್ದಿ ತಂದವರ ಕೈಗೆ ಕೊಡುವ ಕಾಣಿಕೆಗೆ ಸುಯುಂಚು ಎನ್ನುತ್ತಾರೆ. ಮಗು ಹುಟ್ಟಿತು, ಮಗ ಸೇನೆಯಿಂದ ಬಂದ, ತಪ್ಪಿಸಿಕೊಂಡ ಕುದುರೆ ಸಿಕ್ಕಿತು ಎಂದು ಓಡಿಬಂದವರು "ಸುಯುಂಚು!" ಎಂದು ಕೂಗಿದರೆ ಕೇಳಿದವರು ಬರಿಗೈಯಲ್ಲಿ ಕಳಿಸುವಂತಿಲ್ಲ, ತಂದವರು ಬೇಡ ಎನ್ನುವಂತಿಲ್ಲ. ಬೇಡವೆಂದರೆ ಆ ಒಳ್ಳೆಯದೇ ಮುರಿದುಬೀಳುತ್ತದೆ. ಬೇರೆ ಯಾವ ಹೆಸರಿನಲ್ಲಿ ಕೊಟ್ಟಿದ್ದರೂ ತುರ್ದುಕಾನ್ ಬೈದು ಹಿಂದಿರುಗಿಸುತ್ತಿದ್ದಳು. ಕಾಯಿಲೆಯವಳ ಆಪರೇಷನ್ ಕೆಡಬಾರದಲ್ಲ ಎಂದು ಸಾವಿರ ಇಟ್ಟುಕೊಂಡು ಮೂವತ್ತೊಂಬತ್ತು ಸಾವಿರ ಕಳಿಸಿಬಿಟ್ಟಳು. ಒಲೆಯಲ್ಲಿದ್ದ ನಾನ್ ಆ ಹೊತ್ತಿಗೆ ಸೀದಿರಲೂ ಇಲ್ಲ.

ನಾಲ್ಕನೆಯ ದಿನ ಗಿರಾಕಿಯೊಬ್ಬ ಎಷ್ಟು ಸಲ ಒತ್ತಿದರೂ ದುಡ್ಡು ಹೋಗಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ಕಾರ್ಡು ಮುಚ್ಚಿದೆ, ಪೊಲೀಸ್ ಠಾಣೆಗೆ ಹೋಗಿ ಎಂದರು. ಊರ ಬಾಯಿಗೆ ಮುಚ್ಚಳ ಉಂಟೇ? ಸಂಜೆಯೊಳಗೆ ಪೇಟೆಯೆಲ್ಲ ಒಂದೇ ಮಾತು: ತುರ್ದು ಎಜೆ ಡ್ರಾಪರ್ ಅಂತೆ. ಕದ್ದ ದುಡ್ಡು ದಾಟಿಸಲು ಕಮಿಷನ್ನಿಗೆ ತಮ್ಮ ಕಾರ್ಡು ಕೊಡುವವರಿಗೆ ಆ ಹೆಸರು. ಆ ಕೆಲಸಕ್ಕೆ ಜೈಲೂ ಉಂಟು. ಮರುದಿನ ಎಂಬತ್ತು ನಾನ್‌ಗಳಲ್ಲಿ ಐವತ್ತು ಹಾಗೆಯೇ ಉಳಿದವು. ಹರಾಮಿನ ಕೈ ತಟ್ಟಿದ ರೊಟ್ಟಿ ಯಾರಿಗೆ ಬೇಕು? ಯಾರು ಎದುರು ಏನೆಂದರೂ ತಡೆದುಕೊಳ್ಳುತ್ತಿದ್ದವಳು, ತಣ್ಣಗಾದ ಆ ರೊಟ್ಟಿಗಳನ್ನು ನೋಡಿ ಅತ್ತಳು.

ಠಾಣೆಯಲ್ಲಿ ತನಿಖಾಧಿಕಾರಿ ಎರ್ಮೆಕ್ ಅವಳ ದೊಡ್ಡ ಮಗಳ ವಯಸ್ಸಿನವನು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಬಿಳಿ ಫೆಲ್ಟ್ ಟೋಪಿಯ ಮುದುಕನೊಬ್ಬ ಅವಳನ್ನೇ ದುರುಗುಟ್ಟುತ್ತಿದ್ದ. ದೂರದ ಆತ್‌ಬಾಶಿ ಎಂಬ ಊರಿನಲ್ಲಿ ಜೇನು ಸಾಕುವ ಜೂನುಶ್. ಜೇನು ಕೊಳ್ಳುತ್ತೇನೆಂದ ಯಾರೋ ‘ದುಡ್ಡು ಪಡೆಯಲು ಇಲ್ಲಿ ಒತ್ತಿ’ ಎಂದು ಕೊಂಡಿ ಕಳಿಸಿದ್ದರು. ಅವನು ನಂಬಿ ಕಾರ್ಡಿನ ಅಂಕಿಗಳನ್ನೆಲ್ಲ ತುಂಬಿದ್ದ. ಹೊಸ ಪೆಟ್ಟಿಗೆಗಳಿಗೆಂದು ಕೂಡಿಟ್ಟ ನಲವತ್ತು ಸಾವಿರ ಅಲ್ಲಿಂದ ಹೊರಟು ಮೊದಲು ಇಳಿದದ್ದು ತುರ್ದುಕಾನಳ ಕಾರ್ಡಿನಲ್ಲಿ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು.

"ಬಂದ ಕಡೆಗೇ ಯಾಕೆ ವಾಪಸ್ ಕಳಿಸ್ಲಿಲ್ಲ, ಎಜೆ?"

"ದುಡ್ಡಿನೋಳು ಹೇಳಿದ್ ಕಡೆ ಕಳಿಸ್ದೆ."

"ಸಾವಿರ ಯಾಕೆ ಉಳಿಸ್ಕೊಂಡ್ರಿ? ಡ್ರಾಪರ್‌ಗಳೂ ಹೀಗೇ ಉಳಿಸ್ಕೋತಾರೆ."

"ಅದು ಸುಯುಂಚು ಕಣಪ್ಪ."

ಬಾಗಿಲಲ್ಲಿದ್ದ ಪೇದೆ ಕಿಸಕ್ಕನೆ ನಕ್ಕ. ಎರ್ಮೆಕ್ ನಗಲಿಲ್ಲ, ಪೆನ್ನು ಕೆಳಗಿಟ್ಟ. "ನಮ್ಮಮ್ಮನೂ ತಗೋತಿದ್ರು ಎಜೆ, ಅದು ನಂಗೊತ್ತು. ಆದ್ರೆ ಕಾನೂನ್ ಪುಸ್ತಕದಲ್ಲಿ ಆ ಮಾತಿಲ್ಲ. ಕಮಿಷನ್ ಅನ್ನೋ ಮಾತಿದೆ."

"ರೊಟ್ಟಿ ಹೊಡೀಲಿ ನನ್ನ, ನಾನು ಕಳ್ಳಿಯಾಗಿದ್ರೆ!" ಎಂದಳು ತುರ್ದುಕಾನ್. ರೊಟ್ಟಿಯ ಆಣೆಗಿಂತ ದೊಡ್ಡ ಆಣೆ ಅವಳಿಗೆ ಗೊತ್ತಿರಲಿಲ್ಲ.

"ರೊಟ್ಟಿನೂ ಪುಸ್ತಕದಲ್ಲಿಲ್ಲ. ಕರೆ ಬಂದ ನಂಬರ್ ತೋರ್ಸಿ."

ಅವಳು ಫೋನ್ ಕೊಟ್ಟಳು. ಆ ನಂಬರಿನ ಕೆಳಗೆ ನಾಲ್ಕು ಧ್ವನಿ ಸಂದೇಶಗಳಿದ್ದವು, ನಾಲ್ಕೂ ಇವಳು ಕಳಿಸಿದವು. ಎರ್ಮೆಕ್ ಮೊದಲನೆಯದನ್ನು ಒತ್ತಿದ. ಹಿಂದಿನಿಂದ ಪೇಟೆಯ ಗದ್ದಲ, ಮುಂದೆ ಇವಳ ದನಿ: "ಮಗಳೇ, ಮುಟ್ತಾ ದುಡ್ಡು? ಅಮ್ಮನ್ನ ಒಳಗ್ ಕರ್ಕೊಂಡ್ ಹೋದ್ರಾ?" ಎರಡನೆಯದು: "ಫೋನ್ ಎತ್ತು ಮಗಳೇ, ಒಬ್ಳೇ ಇದೀಯೋ ಏನೋ. ನಾಳೆ ರೊಟ್ಟಿ ತಗೊಂಡ್ ನಾನೇ ಬರ್ಲಾ? ಯಾವ್ ಆಸ್ಪತ್ರೆ ಹೇಳು." ಮೂರನೆಯದು ಬರೀ ಪ್ರಾರ್ಥನೆ. ನಾಲ್ಕನೆಯದು ಎರಡು ನಿಮಿಷ ಉದ್ದ, ಹೊಟ್ಟೆ ಕೊಯ್ಸಿಕೊಂಡವರಿಗೆ ಕುರಿಯ ಸಾರು ಹೇಗೆ ಮಾಡಬೇಕು, ಕೊಬ್ಬು ಹೇಗೆ ತೆಗೆಯಬೇಕು ಎಂದು. "ಉಪ್ಪು ಒಂದೇ ಚಿಟಿಕೆ ಹಾಕು, ಜಾಸ್ತಿಯಾದ್ರೆ ನೀರಡಿಕೆಯಾಗತ್ತೆ, ಪಾಪ" ಎಂದು ಅದು ಮುಗಿಯಿತು.

ತುರ್ದುಕಾನ್ ನಾಚಿಕೆಯಿಂದ ತಲೆ ಎತ್ತಲಿಲ್ಲ. ಪೇದೆಯ ಮುಖದಲ್ಲಿ ಈಗ ನಗೆ ಇರಲಿಲ್ಲ. ಗೋಡೆಯ ಬಳಿಯ ಮುದುಕ ಕೆಮ್ಮಿದ.

"ಬರ್ಕೊಳಪ್ಪ ಸಾಹೇಬ, ಇವ್ಳು ಕಳ್ಳಿಯಲ್ಲ. ಸಾರಿಗೆ ಉಪ್ಪೆಷ್ಟು ಅಂತ ಯಾವ ಕಳ್ಳಿ ಹೇಳ್ತಾಳೆ?"

"ಅಜ್ಜ, ಸಾರನ್ನ ನಾನು ಬರ್ಕೊಳೋಕಾಗಲ್ಲ" ಎಂದ ಎರ್ಮೆಕ್. "ಈ ದನಿಗಳ್ನ ಬರ್ಕೋತೀನಿ. ಎಜೆ, ನೀವು ಇನ್ಮೇಲೆ ಸಾಕ್ಷಿ, ಆರೋಪಿ ಅಲ್ಲ. ಆದ್ರೆ ಕಾರ್ಡ್ ತೆರೆಯೋಕೆ ತಿಂಗಳುಗಟ್ಟಲೆ ಆಗತ್ತೆ. ಅಲ್ಲಿವರೆಗೂ ಬೇರೆಯೋರ ಕಾರ್ಡ್ ಮುಟ್ಬೇಡಿ."

ಅವಳು ಏಳುವ ಮುನ್ನ ಕರವಸ್ತ್ರದ ಗಂಟು ಬಿಚ್ಚಿ ಕಾರ್ಡಿನಲ್ಲಿ ಸಿಕ್ಕಿಕೊಂಡ ಸಾವಿರಕ್ಕೆ ಬದಲು ತನ್ನದೇ ಸಾವಿರದ ನೋಟು ತೆಗೆದು ಮೇಜಿನ ಮೇಲಿಟ್ಟಳು. "ಸುಳ್ ಸುದ್ದಿಗೆ ತಗೊಂಡ ಸುಯುಂಚು ಇದು, ಅಜ್ಜ. ನಿಮ್ ಹಕ್ಕು." ಎರ್ಮೆಕ್ ಅದಕ್ಕೂ ಒಂದು ಕಾಗದ ಬರೆದ.

ಜೂಹ್ರಾ ಸುದ್ದಿ ಕೇಳಿ ತನ್ನ ಕ್ಯೂಆರ್ ಚೀಟಿಯನ್ನೇ ಕಿತ್ತು ತಂದಳು. "ಇದಕ್ಕೇ ದುಡ್ ಹಾಕ್ಸು. ಸಂಜೆ ಲೆಕ್ಕ ಮಾಡ್ಕೊಳಣ."

"ಬೇಡ್ವೇ ಮಾರಾಯ್ತಿ. ಕಾರ್ಡ್ ಅಂದ್ರೆ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ. ಅಕ್ಕತಂಗೀರಾದ್ರೂ ಹಂಚ್ಕೋಬಾರ್ದು."

ಬೇಸಿಗೆಯೆಲ್ಲ ಅವಳು ನಗದಿಗಷ್ಟೇ ಮಾರಿದಳು. ನಲವತ್ತೇ ನಾನ್ ಸುಟ್ಟಳು, ಆಮೇಲೆ ಐವತ್ತು, ಅರವತ್ತು. ಮುಖ ತಿರುಗಿಸಿದ್ದವರು ಒಬ್ಬೊಬ್ಬರಾಗಿ ಚಿಲ್ಲರೆ ಹುಡುಕಿಕೊಂಡು ಬಂದರು. ಅವರೇನೂ ಕ್ಷಮೆ ಕೇಳಲಿಲ್ಲ, ರೊಟ್ಟಿ ಬಿಸಿಯಿದೆಯಾ ಎಂದು ಕೇಳಿದರು. ಅವಳಿಗೆ ಅಷ್ಟು ಸಾಕಿತ್ತು. ಆದರೆ ಆ ಒಂದು ಮಾತನ್ನು ಮಾತ್ರ ಬಿಟ್ಟುಬಿಟ್ಟಳು. ಕಿರಿಯ ಮಗಳಿಗೆ ಗಂಡುಮಗು ಹುಟ್ಟಿದಾಗ ಅಳಿಯ ಫೋನಿನಲ್ಲಿ "ಸುಯುಂಚು!" ಎಂದು ಕೂಗಿದರೆ, ಅವಳು ಗಾಬರಿಯಿಂದ ಕರೆಯನ್ನೇ ಕತ್ತರಿಸಿದಳು. ಕಳ್ಳರು ಜೂನುಶನಿಂದ ದುಡ್ಡು ಕದ್ದರು, ಇವಳಿಂದ ಒಂದು ಮಾತು ಕದ್ದರು. ಯಾವುದು ದೊಡ್ಡದೆಂದು ನನ್ನನ್ನು ಕೇಳಿದರೆ ನಾನು ಹೇಳಲಾರೆ. ಆ ಹುಡುಗಿ ಇನ್ನೂ ಸಿಕ್ಕಿಲ್ಲ. "ಅವ್ಳಿಗೆ ನಿಜ್ವಾಗ್ಲೂ ಅಮ್ಮ ಇದಾಳೋ ಇಲ್ವೋ" ಎಂದು ತುರ್ದುಕಾನ್ ಹಿಟ್ಟು ನಾದುತ್ತ ಒಮ್ಮೊಮ್ಮೆ ಕೇಳುತ್ತಿದ್ದಳು. ಜೂಹ್ರಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಕ್ಟೋಬರಿನ ಒಂದು ಬೆಳಗ್ಗೆ, ಹಿಮ ಬೆರೆತ ಮಳೆ. ಅವಳು ತಂದೂರಿನೊಳಗೆ ಬಾಗಿದ್ದಾಗ ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ ಕೂಗಿದರು.

"ಸುಯುಂಚು, ತುರ್ದುಕಾನ್!"

ಅವಳು ತಿರುಗಲಿಲ್ಲ. "ನಮ್ಮಲ್ಲಿ ಆ ಮಾತಿಲ್ಲ. ರೊಟ್ಟಿ ಬೇಕಾದ್ರೆ ಸಾಲಲ್ಲಿ ನಿಂತ್ಕೊಳ್ಳಿ."

"ಸಾಲಲ್ಲೇ ನಿಂತಿದೀನಿ. ಐದ್ ಗಂಟೆ ಬಸ್ಸಲ್ಲಿ ಕೂತ್ ಬಂದಿದೀನಿ. ಫೋನ್ ಮಾಡಿದ್ರೆ ನೀನು ನಂಬ್ತಿದ್ಯಾ?"

ನೆನೆದ ಬಿಳಿ ಟೋಪಿಯಲ್ಲಿ ಜೂನುಶ್ ನಿಂತಿದ್ದ. ಅವಳು ಕಳಿಸಿದ ದುಡ್ಡು ಮುಟ್ಟಿದ ಮುಂದಿನ ಕಾರ್ಡು ಮೂರು ಸಾವಿರಕ್ಕೆ ತನ್ನ ಕಾರ್ಡು ಮಾರಿಕೊಂಡ ಒಬ್ಬ ವಿದ್ಯಾರ್ಥಿಯದು. ಕಳ್ಳರು ಪೂರ್ತಿ ಎಳೆದುಕೊಳ್ಳುವ ಮೊದಲೇ ಎರ್ಮೆಕ್ ಅದನ್ನು ಮುಚ್ಚಿಸಿದ್ದ. ಮೂವತ್ತೊಂದು ಸಾವಿರ ಮುದುಕನಿಗೆ ವಾಪಸ್ಸಾಗಿತ್ತು. ನಿನ್ನೆಯಷ್ಟೇ.

"ಮೊದ್ಲು ನಿಂಗೇ ಹೇಳ್ಬೇಕು ಅನ್ನಿಸ್ತು" ಎಂದ. "ಈಗ ಕೊಡು ನನ್ ಸುಯುಂಚು. ಬರಿಗೈಲಿ ಕಳ್ಸೋ ಹಾಗಿಲ್ಲ, ಗೊತ್ತಲ್ಲ?"

ತುರ್ದುಕಾನಳ ಕಣ್ಣು ತುಂಬಿ ಬಂತು. ಹೊಗೆ ಎಂದು ಹೇಳಲೂ ಹೋಗಲಿಲ್ಲ, ಸಾಲಿನವರೆಲ್ಲರ ಎದುರಿಗೇ ಅತ್ತಳು, ಸಂತೋಷಕ್ಕೆ. ಏನು ಕೊಡಲಿ ಎಂದು ಸುತ್ತ ನೋಡಿದಳು. ಮುದುಕ ಮೊಳೆಯ ಕಡೆ ಗದ್ದ ಎತ್ತಿ ತೋರಿಸಿದ.

"ಆ ಕೊಡೆ ಕೊಟ್ಬಿಡು. ಮಳೇಲಿ ಬಸ್ಸಿನ ತನಕ ನಡೀಬೇಕು."

ಜೂಹ್ರಾ ಸೌಟು ಹಿಡಿದುಕೊಂಡೇ ಇತ್ತ ತಿರುಗಿದಳು.

"ಅಯ್ಯೋ, ಅದಾಗಲ್ಲ ಅಜ್ಜ" ಎಂದಳು ತುರ್ದುಕಾನ್, ಕಣ್ಣೊರೆಸಿಕೊಳ್ಳುತ್ತ. "ಅದು ಬೇರೆಯೋರ್ದು. ನೀವು ರೊಟ್ಟಿ ತಗೊಳ್ಳಿ, ಈಗ್ತಾನೇ ತೆಗ್ದಿದ್ದು. ಮಳೆ ನಿಲ್ಲೋ ತನಕ ಇಲ್ಲೇ ಒಲೆ ಹತ್ರ ಕೂತ್ಕೊಳ್ಳಿ."