ಜಾಕೆಟ್ಟಿನೊಳಗೆ ತುರುಕಿದ ಟವೆಲು

ಹಾಯಿದೋಣಿಯಲ್ಲಿ ಸಮುದ್ರದ ಮೇಲೆ ಒಂದು ಸುತ್ತು ಹೋಗಿಬರಲು ಆರು ಸಾವಿರ ಕೊಟ್ಟೆ. ಐದಕ್ಕೆ ದೋಣಿಯವ ಒಪ್ಪಿಯೇ ಬಿಟ್ಟಿದ್ದ. ಮೇಲಿನ ಸಾವಿರ ನಾನಾಗಿ ಸೇರಿಸಿದ್ದು. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಚೀಲ ಹೊತ್ತು ಶುರುಮಾಡಿ ಸ್ವಂತ ವ್ಯಾಪಾರಕ್ಕೆ ಬಂದವನು ನಾನು, ಚಹಾದಂಗಡಿಯಲ್ಲೂ ಚೌಕಾಶಿ ಬಿಡುವುದಿಲ್ಲ. ಆದರೆ ಗೋಕರ್ಣದ ದಂಡೆಯಲ್ಲಿ ದೋಣಿಯವನನ್ನು ಒಂದು ಮಾತು ಕೇಳಿದೆ: "ಒಬ್ಬರು ನೀರಿಗೆ ಬಿದ್ದರ ದೋಣಿ ನಡಸೋರು ಯಾರು, ಎತ್ತೋರು ಯಾರು?"

ಅವನು ನಕ್ಕ. "ಎರಡೂ ನಾನೇ. ಬೇಕಾದ್ರೆ ತಮ್ಮನ್ನ ಕರೀತೆ, ಸಾವಿರ ಹೆಚ್ಚಾಗ್ತದೆ."

"ಕರೀರಿ" ಅಂದೆ.

ನಾವು ಮೂವರು. ನಾನು, ನನ್ನ ಹೆಂಡತಿ, ಆಕೆಯ ತಮ್ಮ. ಭಾಮೈದನೂ ಹತ್ತಿಯವನೇ, ಪೆದ್ದಹರಿವಾಣದ ಕಡೆಯ ಖರೀದಿ ನೋಡಿಕೊಳ್ಳುತ್ತಾನೆ. ಮೂವರಿಗೂ ಈಜು ಬರದು. ನಮಗೆ ಗೊತ್ತಿದ್ದ ನೀರೆಂದರೆ ಮಂತ್ರಾಲಯದ ತುಂಗಭದ್ರೆ, ಅದೂ ಸ್ನಾನಘಟ್ಟದ ಮೆಟ್ಟಿಲಿನ ತನಕ.

ನೀರಿನಲ್ಲಿ ತೇಲಿಸುವ ಲೈಫ್ ಜಾಕೆಟ್ ಕೈಗೆ ಬಂದೊಡನೆ, ಅರಳೆ ನೋಡುವ ಹಾಗೆ ಬೆರಳಿನಲ್ಲಿ ಹಿಸುಕಿ ನೋಡಿದೆ. ನೀರಿನಲ್ಲಿ ನೆನೆದರೂ ತೂಕ ಏರದ ಸರಕು ಅದರೊಳಗಿದೆಯಂತೆ. ಹತ್ತಿಯವನಿಗೆ ಇದಕ್ಕಿಂತ ಸೋಜಿಗ ಏನಿದೆ? ಭಾಮೈದ ಕಡ್ಡಿಯಂಥ ಆಳು. ಅವನಿಗೆ ಕೊಟ್ಟ ಜಾಕೆಟ್ ಮೈಮೇಲೆ ಜೋಲಾಡುತ್ತಿತ್ತು. ನಮ್ಮಲ್ಲಿ ಹತ್ತಿ ಚೀಲದ ಮೂಲೆ ಸಡಿಲವಾದರೆ ಇನ್ನೊಂದು ಹಿಡಿ ತುರುಕಿ ಹೊಲಿಯುತ್ತೇವೆ. ಅವನೂ ಅದೇ ಮಾಡಿದ. ಹೆಗಲ ಮೇಲಿನ ಬಿಳಿ ಟವೆಲು ಮಡಿಸಿ ಎದೆಯ ಹತ್ತಿರ ತುರುಕಿಕೊಂಡ.

"ಈಗ ಹೆಂಗೈತಿ ಮಾವಾ? ಗಟ್ಟಿ ಆತಿಲ್ಲ?"

ನಾನು ಬೆನ್ನಿಗೆ ತಟ್ಟಿ ನೋಡಿದೆ, ಗಟ್ಟಿ ಇತ್ತು. ಪಟ್ಟಿ ಬಿಗಿಯುತ್ತ ಬಂದ ದೋಣಿಯವನ ತಮ್ಮನೂ ಹೊರಗಿನಿಂದ ನೋಡಿ ಸರಿ ಅಂದುಕೊಂಡು ಮುಂದೆ ಹೋದ.

ದೋಣಿ ಗಾಳಿಗೆ ಎದುರಾಗಿ ಹೇಗೆ ಹೋಗುತ್ತದೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ. ನೇರ ಹೋಗುವುದಿಲ್ಲವಂತೆ, ಅತ್ತ ಇತ್ತ ಓರೆಯಾಗಿ ಹೋಗುತ್ತದೆ. ಪ್ರತಿ ತಿರುವಿನಲ್ಲೂ ಹಾಯಿಯ ಕೆಳಗಿನ ಉದ್ದನೆಯ ಕೋಲು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬೀಸಿ ಬರುತ್ತದೆ. ಆಗ ದೋಣಿಯವ "ತಲೆ!" ಎಂದು ಕೂಗುತ್ತಾನೆ, ಎಲ್ಲರೂ ಬಗ್ಗಬೇಕು. ಒಂದು ತಿರುವಿನಲ್ಲಿ ಭಾಮೈದ, ಹಾಯಿ ಹೆಂಗ ತಿರುಗತೈತಿ ನೋಡೋಣ ಅಂತ ಎದ್ದು ನಿಂತ. ಕೋಲು ಅವನ ಹೆಗಲಿಗೆ ಬಡಿಯಿತು. ಮರುಕ್ಷಣ ಆ ಜಾಗ ಖಾಲಿ.

"ನಿಲ್ಲಸ್ರೀ!" ಎಂದು ಅರಚಿದೆ.

"ಹಾಯಿಗೆ ಬ್ರೇಕಿಲ್ಲ ಮಾರಾಯ್ರೆ, ಕೂತ್ಕಳಿ!" ಎಂದ ದೋಣಿಯವ ನನ್ನ ಹೆಂಡತಿಯ ಕಡೆ ತಿರುಗಿದ. "ಅಕ್ಕಾ, ನೀವು ಬೇರೆ ಏನೂ ಮಾಡ್ಬೇಡಿ. ಬೆರಳು ಚಾಚಿ ಅವರನ್ನೇ ತೋರಿಸ್ತಾ ಇರಿ. ಕಣ್ಣು ತೆಗೀಬೇಡಿ."

ದೋಣಿ ಭಾಮೈದನನ್ನು ಬಿಟ್ಟು ದೂರ ಹೊರಟಿತು. "ಅವ ಈ ಕಡಿ ಅದಾನ, ನೀವು ಆ ಕಡಿ ಎಲ್ಲಿಗೆ?" ಎಂದರೆ ದೋಣಿಯವ ಹಾಯಿಯ ಹಗ್ಗ ಎಳೆಯುತ್ತಲೇ ಇದ್ದ. ಅಲೆಗಳ ನಡುವೆ ಮನುಷ್ಯನ ತಲೆ ಎಷ್ಟು ಸಣ್ಣದು! ನನ್ನ ಕಣ್ಣಿಗೆ ಅದು ತಪ್ಪಿಯೇ ಹೋಯಿತು. ಆಮೇಲೆ ನೀರಿನ ಮೇಲೆ ಬಿಳಿಯದೊಂದು ಕಂಡಿತು.

"ಅಗೋ, ಅಲ್ಲದಾನ! ಆ ಕಡಿ ತಿರುಗಸ್ರಿ!"

ಹೆಂಡತಿ ನನ್ನತ್ತ ತಿರುಗಲೂ ಇಲ್ಲ. "ಅದು ಟವೆಲ್‌ ರೀ! ಸುಮ್ನಿರ್ರಿ!" ಆಕೆಯ ಬೆರಳು ಬೇರೆಯೇ ಕಡೆಗೆ ಚಾಚಿತ್ತು.

ಆ ಬೆರಳಿನ ನೇರಕ್ಕೇ ದೋಣಿ ಸುತ್ತಿ ಬಂತು. ಮೂತಿ ಗಾಳಿಗೆ ಎದುರಾದಾಗ ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ತಾನಾಗಿ ನಿಧಾನವಾಗಿ ಅವನ ಪಕ್ಕದಲ್ಲಿ ನಿಂತಿತು. ಹೀಗೆ ಗಾಳಿಗೆ ಎದುರಾಗಿ ಬಂದು ನಿಲ್ಲಲು ಜಾಗ ಬೇಕೆಂದೇ ಮೊದಲು ದೂರ ಹೋಗಿದ್ದು. ಟವೆಲು ಜಾರಿಹೋದ ಜಾಕೆಟ್ ಅವನ ಕಿವಿಯ ತನಕ ಏರಿತ್ತು, ಬಾಯಿ ನೀರಿನಲ್ಲಿ ಮುಳುಗಿ ಏಳುತ್ತಿತ್ತು. ದೋಣಿ ವಾಲದಂತೆ ನನ್ನನ್ನು ಆಚೆ ಮಗ್ಗುಲಿಗೆ ಕೂರಿಸಿ, ದೋಣಿಯವನ ತಮ್ಮ ಅವನ ಕಂಕುಳಿಗೆ ಕೈಹಾಕಿ ಎಳೆದುಕೊಂಡ. ಜಾಕೆಟ್ ಹಿಡಿದು ಎಳೆದಿದ್ದರೆ ಜಾಕೆಟ್ ಒಂದೇ ಮೇಲೆ ಬರುತ್ತಿತ್ತು.

ಕುಡಿದ ನೀರೆಲ್ಲ ಕಾರಿಕೊಂಡ ಮೇಲೆ ಭಾಮೈದ ಆಡಿದ ಮೊದಲ ಮಾತು: "ಮಾವಾ, ಉಪ್ಪು ಅಂದ್ರ ಉಪ್ಪು!"

ಆಕೆ ಅಳುತ್ತಲೇ ಅವನ ಬೆನ್ನಿಗೆ ಗುದ್ದಿದಳು. "ನಿನ್ನ ಮೈ ಏನು ಹತ್ತಿ ಚೀಲ ಏನಲೇ, ಅರಿವಿ ತುರುಕಾಕ?"

ನೀವೂ ಹೋಗುವವರಿದ್ದರೆ ಕೇಳಿ. ಜಾಕೆಟ್ ದೊಡ್ಡದಾದರೆ ನಾಚಿಕೊಳ್ಳದೆ ಸಣ್ಣದನ್ನು ಕೇಳಿ ಪಡೆಯಿರಿ, ಪಟ್ಟಿ ಬಿಗಿಯಿರಿ. ಒಳಗೆ ಏನೂ ತುರುಕಬೇಡಿ. ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ, ಕಿವಿಗೆ ಬಂದರೆ ಅದು ನಿಮ್ಮದಲ್ಲ. ನಿಮ್ಮಲ್ಲಿ ಕಣ್ಣು ಚುರುಕಿದ್ದವರು ಯಾರು, ಬಾಯಿ ಚುರುಕಿದ್ದವರು ಯಾರು ಅಂತ ಹತ್ತುವ ಮೊದಲೇ ತೀರ್ಮಾನಿಸಿ, ಬೆರಳು ತೋರಿಸುವ ಕೆಲಸ ಕಣ್ಣಿನವರಿಗೆ ಕೊಡಿ. ಇನ್ನೊಂದು, ಇದನ್ನು ಮರುದಿನ ನಾವೇ ಮಾಡಿ ನೋಡಿದ್ದು: ಶಾಂತವಾದ ಕಡೆ, ದೋಣಿಯವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಜಾಕೆಟ್ ತೊಟ್ಟು ಎದೆಮಟ್ಟದ ನೀರಿಗೆ ಇಳಿದು ಕಾಲು ಎತ್ತಿ. ಗದ್ದ ನೀರಿನ ಮೇಲೆ ನಿಂತರೆ ದೋಣಿ ಹತ್ತಿ. ಅಷ್ಟು ಹೊತ್ತು ಕಾಯಲು ಒಪ್ಪದ ದೋಣಿಯವನನ್ನು ಬಿಟ್ಟು ಬೇರೆಯವನನ್ನು ನೋಡಿ.