ನೆಲ ಅದುರದ ದಿನ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನನಗೆ ಎರಡು ಥರದ ಮಾತು ಹೇಳಿದ್ದರು. ಮೊದಲನೆಯದು ಮಾಡಬಾರದ್ದರ ಪಟ್ಟಿ. ಬಗ್ಗಬಾರದು, ಸೊಂಟ ತಿರುಗಿಸಬಾರದು, ಕೊಡ ಎತ್ತಬಾರದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಮಗ್ಗುಲಾಗುವಾಗ ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೆ ಉರುಳಬೇಕು. ಎಲ್ಲಕ್ಕೂ ತಲೆಯಾಡಿಸಿದೆ. ಎರಡನೆಯದನ್ನು ಅವರು ಬಾಗಿಲವರೆಗೆ ಹೋಗಿ, ಮರೆತಿದ್ದು ನೆನಪಾದವರಂತೆ ತಿರುಗಿ ನಿಂತು ಹೇಳಿದರು. "ಎರಡೂ ಕಾಲು ಜೋಮು ಹಿಡಿದ್ರೆ, ಒಂದಕ್ಕೆ ಬಂದಿದ್ದು ಗೊತ್ತಾಗ್ದೆ ಹೋದ್ರೆ, ಒಂದು ಗಂಟೇನೂ ಕಾಯ್ಬೇಡಿ. ತಕ್ಷಣ ಬನ್ನಿ." ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು, ಅದನ್ನು ಎಲ್ಲೋ ಇಟ್ಟು ಮರೆತೆ. ಈ ಮಾತು ಮಾತ್ರ ತಲೆಯೊಳಗೇ ಕೂತುಬಿಟ್ಟಿತು.

ಡಿಸ್ಕು ಜರುಗಿ ಬಲಗಾಲಿನ ನರವನ್ನು ಅದುಮಿತ್ತು. ಆಪರೇಶನ್ನಿಗೆ ಒಂದು ತಿಂಗಳು ಮೊದಲೇ ಬಲಗಾಲಿನ ಹೆಬ್ಬೆರಳು ನನ್ನದಲ್ಲ ಎನ್ನುವಂತಾಗಿತ್ತು. ಚಪ್ಪಲಿ ಕಳಚಿ ಬಿದ್ದರೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದೆ, ಹಿಂದೆ ಬರುವವರು ಯಾರಾದರೂ ಕೂಗಿ ಹೇಳಬೇಕಿತ್ತು. ಆಪರೇಶನ್ ಆದ ಮೂರನೆಯ ದಿನ ಡಾಕ್ಟರು ಆ ಬೆರಳನ್ನು ಮುಟ್ಟಿ, "ಈಗ ಗೊತ್ತಾಗ್ತಿದ್ಯಾ?" ಎಂದು ಕೇಳಿದರು. ಏನೂ ಗೊತ್ತಾಗುತ್ತಿರಲಿಲ್ಲ. "ಆಗ್ತಿದೆ ಸಾರ್" ಎಂದೆ. ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ಎರಡನೆಯ ಸಲ ಬೆನ್ನು ಕೊಯ್ಸಿಕೊಂಡು ಮಲಗಿದ್ದಳು. "ಮೊದ್ಲು ಒಂದೇ ಕಾಲು ಜೋಮಿತ್ತಮ್ಮ, ಆಮೇಲೆ ಎರಡೂ" ಎಂದು ಒಂದು ಸಲ ಹೇಳಿದ್ದಳು, ಮತ್ತೆ ನಾನು ಆ ಕಡೆ ಮುಖ ಮಾಡಿರಲಿಲ್ಲ. ಇನ್ನೊಮ್ಮೆ ಆಪರೇಶನ್ನಿನ ಆ ತಣ್ಣನೆಯ ಕೋಣೆಗೆ ಹೋಗುವುದಕ್ಕಿಂತ ಸುಳ್ಳು ಹೇಳುವುದೇ ಸುಲಭ ಅನ್ನಿಸಿತು. ಬೆರಳನ್ನು ಅಷ್ಟೋ ಇಷ್ಟೋ ಆಡಿಸುತ್ತಿದ್ದೆನಾದ್ದರಿಂದ ಅವರು ನಂಬಿದರು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯುವವರ ಬೀದಿ. ಮುಂದೆ ನಡುಮನೆ, ಹಿಂದೆ ಮಗ್ಗದ ಕೋಣೆ, ಮಧ್ಯೆ ಒಂದು ಗೋಡೆ. ಕೋಣೆಯಲ್ಲಿ ಎರಡು ಪವರ್‌ಲೂಮು, ಒಂದು ನಮ್ಮ ಯಜಮಾನರದು, ಇನ್ನೊಂದು ನನ್ನದು. ಮೂವತ್ತು ವರ್ಷ ಬಗ್ಗಿ ಬಗ್ಗಿ ಹರಿದ ಎಳೆಗೆ ಗಂಟು ಹಾಕಿದ ಸೊಂಟ ಕೊನೆಗೆ ಕೈಕೊಟ್ಟಿತು. ನಾನು ಮಲಗಿದ ಮೇಲೆ ನನ್ನ ಮಗ್ಗಕ್ಕೆ ಹಳೆಯ ಪಂಚೆ ಹೊದಿಸಿ, ಇವರು ತಮ್ಮದೊಂದನ್ನೇ ಓಡಿಸುತ್ತಿದ್ದರು. ಮಗ್ಗ ಓಡಿದರೆ ನಮ್ಮ ಮನೆಯ ನೆಲ ಸಣ್ಣಗೆ ಅದುರುತ್ತದೆ, ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಅದು ಗೊತ್ತಾಗುತ್ತಿತ್ತು, ಆಮೇಲೆ ಮರೆತೇಹೋಗಿತ್ತು. ಆಸ್ಪತ್ರೆಯಿಂದ ಬಂದ ಮೊದಲ ದಿನ ಮಾತ್ರ ಆ ಅದುರು ಮಂಚದ ಕಾಲು ಹತ್ತಿ ನೇರವಾಗಿ ಹೊಲಿಗೆಗೇ ಬಂತು. "ರೀ, ಸಾಯಿಸ್ತೀರಾ ನನ್ನ? ಗಾಯಕ್ಕೆ ತಾಕುತ್ತೆ, ನಿಲ್ಸಿ!" ಎಂದು ಕಿರುಚಿದೆ. ಪಾಪ, ಎರಡು ದಿನ ಮಗ್ಗವನ್ನು ಮುಟ್ಟಲಿಲ್ಲ. ಮೂರನೆಯ ದಿನ ನಾನೇ ಓಡಿಸಿ ಎಂದೆ. ಸದ್ದಿಲ್ಲದ ಮನೆಯಲ್ಲಿ ಹೆದರಿಕೆಯದೇ ಸದ್ದು ಜಾಸ್ತಿಯಾಗಿತ್ತು.

ನನ್ನನ್ನು ನೋಡಿಕೊಳ್ಳಲು ಆವತಿಯಿಂದ ಅಕ್ಕ ಬಂದಳು. ಅವಳಿಗೆ ಗೊತ್ತಿರುವುದು ಒಂದೇ ಆರೈಕೆ, ಬಾಣಂತನ. ನನ್ನ ವಯಸ್ಸು ಐವತ್ತೆರಡು, ಕೊಯ್ದದ್ದು ಬೆನ್ನು, ಇದ್ಯಾವುದೂ ಅವಳಿಗೆ ಅಡ್ಡಿಯಾಗಲಿಲ್ಲ. ಬಂದವಳೇ ಎರಡೂ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿ, ಕಾಲಿಗೆ ಉಲ್ಲನ್ ಕಾಲುಚೀಲ ಏರಿಸಿದಳು.

"ಅಕ್ಕಾ, ನಾನೇನು ಹೆತ್ತಿದೀನಾ?"

"ಶೀತ ಆಯ್ತು ಅಂದ್ರೆ ನರ ಎಲ್ಲಾ ಬಿಗ್ಕೊಂಬಿಡ್ತವೆ ಕಣೇ. ನಿಮ್ ಡಾಕ್ಟ್ರಿಗೇನು ಗೊತ್ತು, ಕೊಯ್ಯೋದೊಂದು ಗೊತ್ತು. ಸುಮ್ನೆ ಬಿದ್ಕೋ."

ಸುಮ್ಮನೆ ಬಿದ್ದುಕೊಂಡೆ. ಬಿದ್ದುಕೊಂಡವಳಿಗೆ ಯೋಚನೆ ಬಿಟ್ಟು ಬೇರೆ ಕೆಲಸವಿಲ್ಲ. ಕಾಲು ಹೇಗಿದೆ ಎಂದು ನೋಡೋಣವೆಂದರೆ ಬಗ್ಗುವ ಹಾಗಿಲ್ಲ. ಚಿವುಟಿಕೊಳ್ಳೋಣವೆಂದರೆ ಕೈ ಮಂಡಿಯವರೆಗೂ ಹೋಗದು. ಅಕ್ಕನಿಗೆ ಹೇಳಿ ಚಿವುಟಿಸಿಕೊಂಡರೆ ಯಾಕೆ ಎಂದು ಕೇಳುತ್ತಾಳೆ, ಆಗ ಸುಳ್ಳು ಹೊರಬೀಳುತ್ತದೆ. ನನ್ನ ಕಾಲು ಮಂಚದ ಆ ತುದಿಯಲ್ಲಿ, ಕಾಲುಚೀಲದೊಳಗೆ, ಬೇರೆ ಊರಿನಲ್ಲಿದ್ದಂತೆ ಇತ್ತು.

ಅಂಥ ಹೊತ್ತಿನಲ್ಲಿ ದಾರಿ ತೋರಿಸಿದ್ದು ಆ ಅದುರೇ. ಮನೆಗೆ ಬಂದು ಹತ್ತು ದಿನವಾಗಿರಬೇಕು. ಬೆಳಿಗ್ಗೆ ಸೊಂಟದ ಬೆಲ್ಟು ಬಿಗಿದುಕೊಂಡು ಮಂಚದ ಅಂಚಿಗೆ ಕೂತು ಪಾದಗಳನ್ನು ನೆಲಕ್ಕೆ ಊರಿದ್ದೆ. ಹಿಂದಿನ ಕೋಣೆಯಲ್ಲಿ ಇವರು ಮಗ್ಗದ ಸ್ವಿಚ್ಚು ಹಾಕಿದರು. ಎಡಪಾದದ ತುಂಬ ಅದುರು ಬಂತು. ಬಲಗಾಲಿನಲ್ಲಿ ಹಿಮ್ಮಡಿಗೆ ಬಂತು, ಹೊರಗಿನ ಅಂಚಿಗೆ ಬಂತು, ಕಿರುಬೆರಳಿಗೂ ಬಂತು, ಹೆಬ್ಬೆರಳಿನ ಹತ್ತಿರ ನಿಂತುಹೋಯಿತು. ಅಷ್ಟಾದರೂ ಬಂತಲ್ಲ ಎಂದು ಅವತ್ತು ಕಾಫಿಯನ್ನು ಎರಡು ಸಲ ಕೇಳಿ ಕುಡಿದೆ. ಅಲ್ಲಿಂದ ಮುಂದೆ ಅದೇ ನನ್ನ ದಿನಚರಿಯಾಯಿತು. ಮಗ್ಗ ಶುರುವಾಗುವ ಹೊತ್ತಿಗೆ ಸರಿಯಾಗಿ ಕೂತು, ಕಾಲೂರಿ, ಉಸಿರು ಬಿಗಿಹಿಡಿದು ಕಾಯುವುದು. ಅಕ್ಕ ದೇವರ ಧ್ಯಾನವೆಂದುಕೊಂಡಿದ್ದಳು. ಇವರು ಆ ಕಡೆಯಿಂದ, "ಹೆಂಗಿದೆ ಕಾಲು?" ಎಂದು ಕೂಗುವರು. "ಪೂರ್ತಿ ಸರಿಹೋಗಿದೆ" ಎಂದು ನಾನು ಈ ಕಡೆಯಿಂದ ಕೂಗುವೆ. ಆ ಸುಳ್ಳು ಆಗಲೇ ಬಾಯಿಗೆ ರೂಢಿಯಾಗಿತ್ತು.

ನಾನು ಹೇಳಹೊರಟ ದಿನವೂ ಹಾಗೆಯೇ ಕೂತೆ. ಹಿಂದಿನ ದಿನ ಮಧ್ಯಾಹ್ನ ಮಾತ್ರೆಯ ಅಮಲಿನಲ್ಲಿ ಸತ್ತಂತೆ ಮಲಗಿದ್ದೆ, ಅದರ ಮಂಪರು ಇನ್ನೂ ಇತ್ತು. ಇವರು ಸ್ವಿಚ್ಚು ಹಾಕಿದರು. ಕಿವಿಯ ಹತ್ತಿಯನ್ನು ದಾಟಿ ಲಾಳಿಯ ಟಕಟಕ ಕೇಳಿಸಿತು. ಕಾದೆ. ಬಲಗಾಲಿಗೆ ಏನೂ ಬರಲಿಲ್ಲ, ಹಿಮ್ಮಡಿಗೂ ಇಲ್ಲ. ಪಾದವನ್ನು ಇನ್ನಷ್ಟು ಒತ್ತಿ ಊರಿದೆ. ಆಮೇಲೆ ಗಮನ ಎಡಗಾಲಿಗೆ ಹೋಯಿತು. ಅದಕ್ಕೂ ಬಂದಿರಲಿಲ್ಲ.

ಎರಡೂ ಕಾಲು.

ಕೈಕಾಲು ತಣ್ಣಗಾದವು ಎಂದು ಬರೆಯೋಣವೆಂದರೆ ಕಾಲು ತಣ್ಣಗಾದದ್ದು ತಿಳಿಯುತ್ತಿತ್ತೋ ಇಲ್ಲವೋ ಅದೇ ಅನುಮಾನ. ಒಂದು ಪಾದದಿಂದ ಇನ್ನೊಂದನ್ನು ಉಜ್ಜಿದೆ. ಆ ದಪ್ಪ ಕಾಲುಚೀಲದೊಳಗೆ ತಾಗಿದಂತೆಯೂ ಇತ್ತು, ತಾಗದಂತೆಯೂ ಇತ್ತು. "ಹೆಂಗಿದೆ ಕಾಲು?" ಎಂದು ಆ ಕಡೆಯಿಂದ ಕೂಗು ಬಂತು. "ಸರಿ ಇದೆ" ಎಂದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ತಕ್ಷಣ ಬನ್ನಿ ಎಂದು ಅಷ್ಟು ಬಿಡಿಸಿ ಹೇಳಿದ್ದರು. ನಾನು ಮಾತ್ರ ಪಕ್ಕದ ಹಾಸಿಗೆಯ ಹೆಂಗಸನ್ನು ಕಣ್ಣಮುಂದೆ ತಂದುಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಉಳಿದದ್ದು ಇನ್ನೊಂದು ಪರೀಕ್ಷೆ. ಒಂದಕ್ಕೆ ಬಂದದ್ದು ಗೊತ್ತಾಗುತ್ತದೋ ಇಲ್ಲವೋ ನೋಡಬೇಕಿತ್ತು. ಅಕ್ಕನನ್ನು ಕರೆದು ಒಂದು ಚೊಂಬು ನೀರು ಕುಡಿದೆ, ಸಾಲದೆಂದು ಇನ್ನೊಂದು ತರಿಸಿ ಅದನ್ನೂ ಕುಡಿದೆ. "ಏನೇ ಇದು, ಒಳ್ಳೆ ಎಮ್ಮೆ ಕುಡ್ದಂಗೆ ಕುಡೀತೀಯ" ಎಂದು ಅವಳು ಬೈದಳು. ಅರ್ಧ ಗಂಟೆ ಕಳೆಯಿತು. ಹೊಟ್ಟೆಯ ಕೆಳಗೆ ಏನೋ ಒತ್ತಿದ ಹಾಗಾಯಿತು. ಅದು ನಿಜವೋ, ಆಗಲಿ ಆಗಲಿ ಎಂದು ಕಾಯುತ್ತಿದ್ದುದಕ್ಕೆ ಹಾಗನ್ನಿಸಿತೋ ತಿಳಿಯಲಿಲ್ಲ. ಅಕ್ಕನ ಹೆಗಲು ಹಿಡಿದು ಬಚ್ಚಲಿಗೆ ಹೋಗಿಬಂದೆ. ಬಂದು ಕೂತಮೇಲೆ ಗೊತ್ತಾಗಿ ಹೋದೆನೋ, ಗೊತ್ತಾಗದೆ ಹೋದೆನೋ ಎಂದು ಮತ್ತೆ ಅದೇ ಶುರುವಾಯಿತು. ಭಯ ಹೊಕ್ಕ ಮೈಯನ್ನು ಏನು ಕೇಳಿದರೂ ಅದು ನೆಟ್ಟಗೆ ಉತ್ತರ ಕೊಡುವುದಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕೈಲಿ ಆಗಲಿಲ್ಲ. ಇನ್ನು ಮುಂದೆ ಕಾಲೆಳೆದುಕೊಂಡು, ಇನ್ನೊಬ್ಬರು ಎತ್ತಿ ಕೂರಿಸಬೇಕಾದ ಬಾಳು ಕಣ್ಣಿಗೆ ಕಟ್ಟಿತು. ಹೇಳಿಬಿಡುತ್ತೇನೆ, ಕೊಯ್ಯುವುದಾದರೆ ಕೊಯ್ಯಲಿ ಎಂದುಕೊಂಡೆ. ಅಕ್ಕ ಬಟ್ಟೆ ಹರವಲು ಮಹಡಿಗೆ ಹೋಗಿದ್ದಳು. ಇಂಥದ್ದನ್ನು ಗೋಡೆಯಾಚೆಗೆ ಕೂಗಿ ಹೇಳಲು ಬಾಯಿ ಬರಲಿಲ್ಲ. ವಾಕರ್ ಹಿಡಿದು ಎದ್ದೆ. ನಿಂತುಕೊಳ್ಳಲಾಗುತ್ತಿದೆಯಲ್ಲ ಎಂಬ ಬುದ್ಧಿಯೂ ಆಗ ಹೊಳೆಯಲಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ಮಗ್ಗದ ಕೋಣೆಯ ಬಾಗಿಲವರೆಗೆ ಬಂದು, ಆಸರೆಗೆಂದು ಗೋಡೆಗೆ ಅಂಗೈ ಊರಿದೆ.

ಅಂಗೈಗೂ ಅದುರು ಬರಲಿಲ್ಲ.

ದೇವರಾಣೆ, ಒಂದು ಕ್ಷಣ ನಾನು ಕೈಗೂ ಬಂತು ಎಂದುಕೊಂಡೆ. ಕಾಲಿನಿಂದ ಶುರುವಾದದ್ದು ಕೈಗೂ ಏರಿತು, ಇನ್ನು ಮುಗಿಯಿತು. ಆಮೇಲೆ ಅಂಗೈಗೆ ಸುಣ್ಣದ ತರಿತರಿ ಗೊತ್ತಾಯಿತು. ಬೆರಳಿನ ತುದಿಗೆ ಗೋಡೆಯ ತಂಪು ಗೊತ್ತಾಯಿತು. ಕೈ ಸರಿಯಾಗಿಯೇ ಇತ್ತು. ಗೋಡೆಯೇ ಅದುರುತ್ತಿರಲಿಲ್ಲ. ಒಳಗೆ ಇಣುಕಿದೆ. ಮಗ್ಗ ಎಂದಿನಂತೆ ಓಡುತ್ತಿತ್ತು, ಆದರೆ ಎರಡು ಬೆರಳಿನಷ್ಟು ಎತ್ತರವಾಗಿತ್ತು. ಅದರ ನಾಲ್ಕೂ ಕಾಲಿನಡಿ ದಪ್ಪನೆಯ ಕಪ್ಪು ರಬ್ಬರಿನ ತುಂಡುಗಳು.

ನನ್ನನ್ನು ನೋಡಿ ಇವರು ಮಗ್ಗ ನಿಲ್ಲಿಸಿದರು. "ಎದ್ದು ಯಾಕೆ ಬಂದೆ? ಬಿದ್ಗಿದ್ರೆ?"

"ಏನ್ರೀ ಅದು?"

ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ತಲೆ ಕೆರೆದುಕೊಂಡರು. "ಲಾರಿ ಟೈರು. ಗಾಯಕ್ಕೆ ತಾಕುತ್ತೆ ಅಂದಿದ್ಯಲ್ಲ. ನೆನ್ನೆ ನೀನು ಮಲಗಿದ್ದಾಗ ಎದುರುಮನೆ ಭಾಯೀನ ಕರ್ಕೊಂಡು ಹಾಕ್ಸಿದೆ. ನೆಯ್ಗೆ ಮಧ್ಯದಲ್ಲಿ ಮಗ್ಗ ಎತ್ತಿದೀನಿ ಅಂದ್ರೆ ಬೈತೀಯ ಅಂತ ಹೇಳ್ಲಿಲ್ಲ."

ಬೈಯಬೇಕಾದದ್ದೇ. ಸೀರೆ ಅರ್ಧ ನೇಯ್ದಿರುವಾಗ ಮಗ್ಗದ ಕಾಲನ್ನು ಯಾರೂ ಎತ್ತುವುದಿಲ್ಲ. ಮಟ್ಟ ತಪ್ಪಿದರೆ ಲಾಳಿ ಹಾರುತ್ತದೆ, ಎಳೆ ಹರಿಯುತ್ತದೆ. ಮೂವತ್ತು ವರ್ಷದಲ್ಲಿ ಇವರು ಮಾಡದ ತಪ್ಪು ಅದು. ಸೀರೆಯ ಒಂದು ಕಡೆ ಆಗಲೇ ಜಾಳುಜಾಳಾಗಿದ್ದುದು ನನ್ನ ಕಣ್ಣಿಗೆ ಬಿತ್ತು. ಆದರೆ ಬಾಯಿಂದ ಬೈಗುಳ ಬರಲಿಲ್ಲ, ಅಳು ಬಂತು. ವಾಕರ್ ಹಿಡಿದು ನಿಂತಲ್ಲೇ ಜೋರಾಗಿ ಅತ್ತೆ. ಅಳುತ್ತಲೇ ಬೆಳಗಿನಿಂದ ಏನಾಯಿತೆಂದು ಹೇಳಿದೆ. ನೀರು ಕುಡಿದದ್ದನ್ನೂ ಹೇಳಿದೆ. ಹೆಬ್ಬೆರಳಿನ ವಿಷಯ ಮಾತ್ರ ಆಗಲೂ ನುಂಗಿಕೊಂಡೆ.

"ಎರಡೂ ಕಾಲು ಹೋದ್ವು ಅನ್ಕೊಂಡು ಇಷ್ಟೊತ್ತು ಸುಮ್ನೆ ಕೂತಿದ್ಯಾ? ನಿಂಗೇನು ತಲೆ ಕೆಟ್ಟಿದ್ಯಾ?"

"ತೆಗೀರಿ ಅದನ್ನ."

"ಗಾಯಕ್ಕೆ ತಾಕಲ್ವಾ?"

"ತಾಕ್ಲಿ. ನಂಗೆ ಕಾಲಿದೆ ಅಂತ ಗೊತ್ತಾಗ್ಬೇಕು."

ಎದುರುಮನೆಯ ಭಾಯಿ ಹಾರೆ ಹಿಡಿದು ಬಂದರು. ಬೀದಿಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುವವರು ಅವರೇ. "ನಾನು ಬ್ಯಾಡ ಅಂತಾನೇ ಹೇಳ್ದೆ ಅಕ್ಕಾ, ಇವ್ರು ಕೇಳಿಲ್ಲ" ಎಂದು ಮೊದಲೇ ಕೈತೊಳೆದುಕೊಂಡರು. ಅವರು ಹಾರೆ ಮೀಟಿದರು, ಇವರು ರಬ್ಬರು ಎಳೆಯಲು ಬಗ್ಗಿದರು. "ಹಂಗೆ ಬಗ್ಬೇಡಿ! ಮಂಡಿ ಮಡಚಿ ಕೂತ್ಕೊಂಡು ಎಳೀರಿ!" ಎಂದು ನಾನು ಕಿರುಚಿದೆ. ಇವರಿಗೂ ನನ್ನ ಹಾಗಾದರೆ ಎಂದು ಹೊಸದೊಂದು ಭಯ ಅಲ್ಲೇ ಹುಟ್ಟಿತು. ಮಟ್ಟ ನೋಡಿ ಸರಿಮಾಡಿ ಭಾಯಿ ಹೊರಟರು. ಮಹಡಿಯಿಂದ ಇಳಿದುಬಂದ ಅಕ್ಕ ನನ್ನನ್ನು ಬೈಯುತ್ತಲೇ ಮಂಚಕ್ಕೆ ಕರೆತಂದು ಕೂರಿಸಿದಳು.

ಕಿವಿಯ ಹತ್ತಿ ಕಿತ್ತು ಬಿಸಾಡಿದೆ. ಕಾಲೂರಿದೆ. ಹಿಂದೆ ಸ್ವಿಚ್ಚು ಬಿತ್ತು. ಸ್ಟ್ಯಾಂಡಿನಲ್ಲಿ ಲೋಟಗಳು ಕಿಣಿಕಿಣಿ ಅಂದವು. ಹತ್ತಿ ಇಲ್ಲದಿದ್ದರೆ ಅವು ಸುಮ್ಮನಿದ್ದದ್ದು ಬೆಳಿಗ್ಗೆಯೇ ಗೊತ್ತಾಗುತ್ತಿತ್ತೇನೋ. ಎಡಪಾದದ ತುಂಬ ಅದುರು ಬಂತು. ಬಲ ಹಿಮ್ಮಡಿಗೆ ಬಂತು, ಅಂಚಿಗೆ ಬಂತು, ಕಿರುಬೆರಳಿಗೆ ಬಂತು. ಅಲ್ಲಿಂದ ಮುಂದೆ, ದಿನದಂತೆ, ಏನೂ ಇಲ್ಲ.

"ಬಂತಾ?" ಇವರು ಆ ಕಡೆಯಿಂದ ಕೂಗಿದರು.

ಬಂತು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗಿನಿಂದ ಕಳೆದ ಆ ನಾಲ್ಕು ತಾಸು ನೆನಪಾಯಿತು. ಅಂಥದ್ದನ್ನು ಇನ್ನೊಂದು ದಿನ ಒಬ್ಬಳೇ ಕಳೆಯುವ ಶಕ್ತಿ ನನಗಿರಲಿಲ್ಲ.

"ಹೆಬ್ಬೆರಳಿಗೆ ಬಂದಿಲ್ಲ" ಎಂದು ಕೂಗಿದೆ. "ಆಪರೇಶನ್ ಆದಾಗಿಂದ್ಲೂ ಬಂದಿಲ್ಲ ರೀ. ಸುಳ್ಳು ಹೇಳ್ತಿದ್ದೆ."

ಇವರೇ ಬಂದರು. ನೆಲದ ಮೇಲೆ ಕೂತು, ಬಲಗಾಲಿನ ಕಾಲುಚೀಲ ಬಿಚ್ಚಿ, ಎಳೆಗೆ ಗಂಟು ಹಾಕುವ ಎರಡು ಬೆರಳಿನಲ್ಲಿ ನನ್ನ ಹೆಬ್ಬೆರಳನ್ನು ಹಿಡಿದರು. "ಇಲ್ಲಿ?" ಎಂದರು. ನಾನು ತಲೆಯಾಡಿಸಿದೆ, ಇಲ್ಲ. ಸ್ವಲ್ಪ ಒತ್ತಿದರು. "ಈಗ?" ಇಲ್ಲ. ಬೆರಳನ್ನು ಬಿಡದೆ ಇನ್ನೊಂದು ಕೈಯಿಂದ ಜೇಬಿನ ಮೊಬೈಲು ತೆಗೆದು ಆಸ್ಪತ್ರೆಯ ನಂಬರು ಹುಡುಕತೊಡಗಿದರು. ಗೋಡೆಯ ಆಚೆ ಮಗ್ಗ ತನ್ನ ಪಾಡಿಗೆ ತಾನು ಓಡುತ್ತಿತ್ತು, ಎಳೆ ಹರಿದರೆ ನೋಡುವವರು ಯಾರೂ ಇರಲಿಲ್ಲ. ಓಡುವ ಮಗ್ಗವನ್ನು ಬಿಟ್ಟು ಇವರು ಬೇರೆ ಕಡೆ ಕೂತದ್ದನ್ನು ನಾನು ಅದುವರೆಗೆ ಒಂದು ದಿನವೂ ನೋಡಿರಲಿಲ್ಲ.