ಉಪ್ಪುನೀರಿನ ಗ್ಯಾಂಗ್

ಮಲ್ಕಾಜ್‌ಗಿರಿಯ ನಮ್ಮ ಮನೆಯ ಪಡಸಾಲೆಗೆ ಸಮುದ್ರ ಬಂದು ಕೂತ ವರ್ಷ ನನಗೆ ನಿಜಕ್ಕೂ ಹುಚ್ಚು ಹಿಡಿದಿತ್ತು. ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಫೈಲು ಬಿಚ್ಚಿಕೊಂಡು ಕೂತವಳು, ನೀರಿಗೆ ಉಪ್ಪು ಇನ್ನೊಂದು ಚಿಟಿಕೆ ಬೇಕಿತ್ತೇನೋ ಎಂದು ಯೋಚಿಸುತ್ತಿದ್ದೆ. ಸಮುದ್ರವೆಂದರೆ ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಪೊಟ್ಟಣದ ಸಮುದ್ರದುಪ್ಪು ಕದಡಿದ ನೀರು, ಒಂದಿಷ್ಟು ಕಲ್ಲು, ಅಂಗಿಯ ಗುಂಡಿಯಷ್ಟು ದೊಡ್ಡ ಎರಡು ಹವಳ, ಕೇಸರಿ ಮೈಗೆ ಬಿಳಿ ಪಟ್ಟಿ ಬಳಿದುಕೊಂಡ ಒಂದು ಜೋಡಿ ಮೀನು. ಹೈದರಾಬಾದಿನವರು ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದರೆ ಸಾಕಿತ್ತು.

ಆದರೆ ನನ್ನ ಸಮುದ್ರ ಹಸಿರಾಗತೊಡಗಿತು. ಮೊದಲು ಗಾಜಿನ ಮೇಲೆ ಕಂದು ಧೂಳು, ಆಮೇಲೆ ಕಲ್ಲಿಗೆಲ್ಲ ಕೂದಲಿನಂಥ ಪಾಚಿ. ಮೀನುಗಳು ಅದರ ಹಿಂದೆ ಮರೆಯಾಗಿ, ಬಂದವರು ತೊಟ್ಟಿಯನ್ನು ನೋಡಿ ಇದರಲ್ಲಿ ಏನಿದೆ ಎಂದು ಕೇಳುವಂತಾಯಿತು. ಅವ್ವ ಮಾತ್ರ ಏನೂ ಕೇಳಲಿಲ್ಲ, ನೇರವಾಗಿ ತೀರ್ಪು ಕೊಟ್ಟಳು. ನವರಾತ್ರಿಗೆ ಅವಳು ದೇವಿಯ ಘಟ ಕೂಡ್ರಿಸುತ್ತಿದ್ದುದು ಪಡಸಾಲೆಯಲ್ಲಿ ತೊಟ್ಟಿಯಿದ್ದ ಅದೇ ಮೂಲೆಯಲ್ಲಿ.

"ಘಟ ಕೂಡ್ರಸೋದ್ರೊಳಗ ಇದು ಸ್ವಚ್ಛ ಆಗಬೇಕು ನೋಡು. ಇಲ್ಲಂದ್ರ ಅಂಗಡಿಯವಂಗ ವಾಪಸ್ ಕೊಟ್ಟು ಬಾ. ಪಾಚಿ ಮಗ್ಗಲಕ ದೇವಿನ್ನ ಕೂಡ್ರಸಂಗಿಲ್ಲ ನಾ," ಎಂದಳು.

ಅವ್ವ ಹೇಳಿದ ಮೇಲೆ ಮುಗಿಯಿತು. ನಾನು ನೆಟ್ ಸೆಂಟರಿಗೆ ಓಡಿದೆ. ಅಲ್ಲಿ ಕೂತು ಓದಿದಾಗ ಗೊತ್ತಾದದ್ದು, ಇಂಥ ತೊಟ್ಟಿಗೆ ಒಂದು ಸಫಾಯಿ ತಂಡ ಬೇಕು: ಪಾಚಿ ಮೇಯುವ ಸಮುದ್ರದ ಬಸವನಹುಳು, ಕೂದಲು ಪಾಚಿ ಕಿತ್ತು ತಿನ್ನುವ ಪುಟ್ಟ ಏಡಿ, ಮರಳಿನಲ್ಲಿ ಬಿದ್ದ ಎಂಜಲು ಎತ್ತುವ ಇನ್ನೊಂದು ಜಾತಿಯ ಹುಳು. ಎಷ್ಟು, ಯಾವುದು ಎಂದು ಆರಿಸುವುದೇ ಕಷ್ಟ. ಕಡಿಮೆಯಾದರೆ ಪಾಚಿ ಗೆಲ್ಲುತ್ತದೆ, ಹೆಚ್ಚಾದರೆ ಪಾಚಿ ಮುಗಿದ ಮೇಲೆ ಅವು ಹಸಿವಿನಿಂದ ಸಾಯುತ್ತವೆ.

ಇದನ್ನೆಲ್ಲ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಆ ವರ್ಷವೇ ರೇಲ್ವೆಯಿಂದ ನಿವೃತ್ತರಾಗಿದ್ದರು. ಹಳಿ ಕಾಯುವ ಗ್ಯಾಂಗ್‌ಮನ್‌ಗಳನ್ನು ಆರಿಸಿ ನೇಮಿಸುವ ಆಫೀಸಿನಲ್ಲಿ ಅವರ ಸರ್ವೀಸೆಲ್ಲ ಕಳೆದಿತ್ತು. ಈಗ ಬೆಳಗಿನ ಪೇಪರನ್ನು ಸಂಜೆಯವರೆಗೂ ಓದುತ್ತಿದ್ದರು. ಮೊದಲು ಗಳಿಗೆಗೊಂದು ಚಹಾ ಕೇಳುತ್ತಿದ್ದವರು ಈಗ ಅವ್ವ ಎರಡನೇ ಕಪ್ ತಂದರೂ, "ಬ್ಯಾಡ ಬಿಡು, ಕೆಲಸಿಲ್ಲದಾಂವಗ ಎಷ್ಟ್ ಚಾ?" ಎಂದು ತಿರುಗಿಸಿ ಕಳಿಸುತ್ತಿದ್ದರು.

ತಂಡದ ಸುದ್ದಿ ಕೇಳಿದ್ದೇ ಅವರು ಪೇಪರು ಮಡಚಿದರು.

"ಅಂದ್ರ ಗ್ಯಾಂಗ್ ತಗೋಬೇಕು ಅನ್ನು," ಎಂದರು. "ನಾ ಬರ್ತೀನಿ. ನಿನಗೇನ್ ತಿಳೀತೈತಿ."

ಇಸ್ತ್ರಿ ಮಾಡಿದ ಶರ್ಟು ಹಾಕಿ, ಜೇಬಿಗೆ ಪೆನ್ನು ಸಿಗಿಸಿ ಹೊರಟರು. ಕೋಠಿಯ ಹಿಂದಿನ ಒಂದು ಗಲ್ಲಿಯಲ್ಲಿ ಮೀನಿನ ಅಂಗಡಿ. ಅಂಗಡಿಯವನು ನಮ್ಮನ್ನು ನೋಡಿದ್ದೇ ಅಂಗೈಗಿಂತ ದೊಡ್ಡ ನಕ್ಷತ್ರ ಮೀನೊಂದನ್ನು ತೋರಿಸಿ, "ಯೇ ಲೇಲೇವ್ ಸಾಬ್, ಪೂರಾ ಟ್ಯಾಂಕ್ ಚಮಕ್ ಜಾತಾ," ಎಂದ. ಅದೊಂದೇ ಇಡೀ ತೊಟ್ಟಿಯನ್ನು ಫಳಫಳ ಮಾಡುತ್ತದಂತೆ. ಅಪ್ಪ ಅದನ್ನು ಸುತ್ತಲೂ ನೋಡಿ, "ನಕ್ಕೋ. ಆಳು ಭಾರಿ, ಕ್ವಾರ್ಟರ್ಸ್ ಸಣ್ಣದು," ಎಂದು ಅರ್ಧ ದಖನಿ ಅರ್ಧ ಕನ್ನಡದಲ್ಲಿ ನಿರಾಕರಿಸಿದರು.

ಆಮೇಲೆ ದೈಹಿಕ ಪರೀಕ್ಷೆ ಶುರುವಾಯಿತು. ಬಸವನಹುಳುವನ್ನು ಬೆನ್ನ ಮೇಲೆ ಮಲಗಿಸಿದಾಗ ಅದು ತಾನೇ ಮಗುಚಿಕೊಂಡರೆ ಗಟ್ಟಿ, ಇಲ್ಲದಿದ್ದರೆ ನಿತ್ರಾಣದ್ದು ಎಂದು ನಾನು ಓದಿದ್ದೆ. ಹೇಳಿದ್ದೇ ತಪ್ಪಾಯಿತು. ಅಪ್ಪ ಇಡೀ ಬೋಗುಣಿಯ ಹುಳುಗಳನ್ನು ಸಾಲಾಗಿ ಅಂಗಾತ ಮಲಗಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಒಂದು ಹುಳು ಮೆಲ್ಲಗೆ ಮೈ ಹೊರಹಾಕಿ, ಗಾಳಿಯಲ್ಲಿ ತಡಕಾಡಿ, ಉರುಳಿ ಎದ್ದಿತು. "ಪಾಸ್," ಎಂದರು ಅಪ್ಪ. ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ಬಂದು ನಿಂತರು. ಮುಂದಿನ ಹುಳು ಎದ್ದಾಗ ಎಲ್ಲರೂ ಸೇರಿ ಪಾಸ್ ಎಂದರು. ನಾನು ನಕ್ಕು ನಕ್ಕು ಪಕ್ಕದ ಗೋಡೆ ಹಿಡಿದುಕೊಂಡೆ. ಅಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿ ಎಷ್ಟೋ ತಿಂಗಳಾಗಿತ್ತು.

ಕೆಲವೇ ಹುಳುಗಳು ಮತ್ತು ಖಾಲಿ ಶಂಖದೊಳಗೆ ಮನೆ ಮಾಡಿಕೊಂಡ ಎರಡು ಏಡಿಗಳೊಂದಿಗೆ ಆಟೋ ಹತ್ತಿದೆವು. ಬಾಗಿಲಲ್ಲೇ ಅವ್ವ ತಡೆದಳು. ಏಡಿ ಅಂದದ್ದು ಕಿವಿಗೆ ಬಿದ್ದಿತ್ತು. ನಮ್ಮದು ಮೊಟ್ಟೆಯೂ ಬಾರದ ಮನೆ.

"ತಿನ್ನಾಕಲ್ಲ, ಕೆಲಸಕ್ಕ ಬಂದಾವು," ಎಂದರು ಅಪ್ಪ. "ಇವಕ್ಕ ಸ್ವಂತ ಮನಿ ಇಲ್ಲ. ಮೈ ಬೆಳದಂಗ ದೊಡ್ಡ ಶಂಖ ನೋಡಿ ಬದಲಿ ಮಾಡ್ತಾವು."

ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಟ್ರಂಕು ಹೊತ್ತು ಅರ್ಧ ಆಯುಷ್ಯ ಕಳೆದ ಅವ್ವ ಮೆತ್ತಗಾದಳು. "ಪಾಪ, ನಮ್ಮಂಗ," ಎಂದು ದಾರಿ ಬಿಟ್ಟಳು.

ಗ್ಯಾಂಗು ಡ್ಯೂಟಿಗೆ ಇಳಿಯಿತು. ಆದರೆ ಕೆಲಸ ಮಾಡಲಿಲ್ಲ. ಹುಳುಗಳೆಲ್ಲ ಮುಂದಿನ ಮೂಲೆಯ ಮರಳಿನ ಮೇಲೆ ಹೊಟ್ಟೆ ತುಂಬಿದ ನೆಂಟರ ಹಾಗೆ ಕೂತವು. ಏಡಿಗಳೂ ಅಲ್ಲೇ. ಪಾಚಿ ಮಾತ್ರ ದಿನದಿನಕ್ಕೆ ಹುಲುಸಾಯಿತು. ನಾನು ನೀರು ಬದಲಿಸಿದೆ, ದೀಪ ಬೇಗ ಆರಿಸಿದೆ, ಮೀನಿನ ಆಹಾರ ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಅಪ್ಪನ ಮುಖ ಮತ್ತೆ ಸಣ್ಣಗಾಯಿತು. ತಾವು ಆರಿಸಿದ ಆಳು ಹೀಗೆ ಕೈಕೊಟ್ಟದ್ದು ಇದೇ ಮೊದಲು ಎಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಗೊಣಗುತ್ತಿದ್ದರು. ಪಿತೃಪಕ್ಷ ಬಂತು, ಘಟಕ್ಕೆ ಇನ್ನೇನು ವಾರವೂ ಉಳಿಯಲಿಲ್ಲ. ತೊಟ್ಟಿಯನ್ನು ವಾಪಸ್ ತೆಗೆದುಕೋ ಎಂದು ಅಂಗಡಿಯವನಿಗೆ ಹೇಗೆ ಹೇಳುವುದೆಂದು ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡತೊಡಗಿದೆ.

ಅಷ್ಟರಲ್ಲಿ ಏಕಾದಶಿ ಬಂತು. ಅವ್ವ ಪಂಢರಪುರದ ವಿಠ್ಠಲನ ಒಕ್ಕಲು. ಏಕಾದಶಿ ಎಂದರೆ ಅವಳಿಗೆ ನೀರು ಬಿಟ್ಟು ಬೇರೇನೂ ಇಲ್ಲ. ಆ ಸಂಜೆ ನಾನು ಕಚೇರಿಯಿಂದ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಹುಳುವೊಂದು ಗಾಜು ಹತ್ತಿತ್ತು. ಅದು ಬಂದ ದಾರಿಯಷ್ಟೂ ತಿಳಿಯಾಗಿ, ಅದರಾಚೆ ನನ್ನ ಕೇಸರಿ ಮೀನು ಕಾಣುತ್ತಿತ್ತು. ಏಡಿಗಳು ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಪಾಚಿ ಕಿತ್ತು ಬಾಯಿಗೆ ತುರುಕುತ್ತಿದ್ದವು. ಅಪ್ಪ ಕುರ್ಚಿಯಿಂದ ಎದ್ದು, ತಮ್ಮ ಆಯ್ಕೆ ಯಾವತ್ತೂ ತಪ್ಪುವುದಿಲ್ಲ ಎಂದು ನನಗೂ ಮೀನಿಗೂ ಹೇಳಿದರು.

ಗುಟ್ಟು ಮರುದಿನ ದ್ವಾದಶಿಯ ಬೆಳಿಗ್ಗೆ ಬಯಲಾಯಿತು. ಉಪವಾಸ ಬಿಟ್ಟ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯ ಮುಚ್ಚಳ ಎತ್ತಿ, ಮುಂದಿನ ಮೂಲೆಗೆ ಜೋಳದ ರೊಟ್ಟಿಯ ಚೂರು ಉದುರಿಸುತ್ತಿದ್ದಳು.

"ನಿನ್ನಿ ನನ್ನ ಸಂಗಾಟ ಅವೂ ಉಪಾಸ ಇದ್ವು," ಎಂದಳು.

"ದಿನಾ ಹಾಕ್ತಿಯೇನವ್ವಾ?"

"ಮತ್ತ? ದಿನಾ ನೀವು ಏಳೂದ್ರೊಳಗ ಹಾಕ್ತೀನಿ. ಮನಿಗೆ ಕೆಲಸಕ್ಕ ಬಂದವ್ರನ್ನ ಖಾಲಿ ಹೊಟ್ಟಿಲೆ ದುಡಸ್ತಾರೇನು?"

ನಾನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೆ ತಿಳಿಸಿ ಹೇಳಿದೆ: ಪಾಚಿಯೇ ಅವುಗಳ ಊಟ, ರೊಟ್ಟಿ ತಿಂದ ಮೇಲೆ ಅದನ್ನು ಯಾಕೆ ಮುಟ್ಟಿಯಾವು, ಉಳಿದ ರೊಟ್ಟಿ ನೀರಲ್ಲಿ ಕೊಳೆತು ಪಾಚಿಗೇ ಗೊಬ್ಬರವಾಗುತ್ತದೆ. "ಅಂದ್ರ ಇದನ್ನ ಬೆಳಸಿದಾಕಿ ನಾನೇ," ಎಂದು ಅವ್ವ ಕೈಯಲ್ಲಿದ್ದ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡಳು.

ರೊಟ್ಟಿ ನಿಂತಿತು. ಹುಳು, ಏಡಿ, ನಾನು ಮೂವರೂ ಸೇರಿ ಮೈಮುರಿದು ದುಡಿದೆವು. ಉದ್ದನೆಯ ಪಾಚಿಯನ್ನು ನಾನೇ ಕೈಯಿಂದ ಕಿತ್ತೆ. ಘಟದ ಬೆಳಿಗ್ಗೆ ತೊಟ್ಟಿ ಫಳಫಳ ಎನ್ನುತ್ತಿತ್ತು. ಹಿಂದಿನ ಗಾಜಿನಲ್ಲಿ ಮಾತ್ರ ತೆಳ್ಳಗೆ ಹಸಿರು ಉಳಿದಿತ್ತು. ಅದನ್ನೂ ಕೆರೆದು ಬಿಡೋಣವೆಂದು ನಾನು ಕೈ ಇಳಿಸಿದೆ.

"ಅದನ್ನ ಬಿಡು," ಎಂದಳು ಅವ್ವ. ಕೈಯಲ್ಲಿ ಘಟದ ಮಣ್ಣು ಮೆತ್ತಿತ್ತು.

"ದೇವಿ ಮಗ್ಗಲಕ ಪಾಚಿ ಬ್ಯಾಡ ಅಂದಿದ್ದಿ?"

"ಅಂದಿದ್ದೆ. ಅದನ್ನೂ ತಿಕ್ಕಿದ್ರ ನಾಳಿಗೆ ಅವೇನ್ ತಿನ್ನಬೇಕು? ಕೆಲಸ ಮುಗೀತಂತ ಅವುಗಳ ಊಟ ಕಸಗೋತಾರೇನು?"

ಹೇಳಿ ಅವಳು ಮಣ್ಣಿನಲ್ಲಿ ಕಾಳು ಬಿತ್ತುತ್ತ ಕೂತಳು. ಕಿಟಕಿಯ ಬಳಿ ಅಪ್ಪ ಹಿಡಿದಿದ್ದ ಪೇಪರು ನಿಧಾನಕ್ಕೆ ಕೆಳಗಿಳಿಯಿತು. ಅವರು ಹಿಂದಿನ ಗಾಜನ್ನೂ ಅವ್ವನ ಬೆನ್ನನ್ನೂ ನೋಡಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತೊಟ್ಟಿಯೊಳಗೆ ಅದ್ದಿದ್ದ ಕೈ ತೆಗೆಯಲೂ ಆಗದೆ ನಿಂತೆ.

ಅಪ್ಪ ಪೇಪರು ಮಡಚಿಟ್ಟರು.

"ಏ, ಇನ್ನೊಂದ್ ಕಪ್ ಚಾ ಆಗ್ತೈತೇನು ನೋಡು," ಎಂದರು.